ಮಿಂಚುಹುಳುವನ್ನು ನೆಲದಲ್ಲಿ ಹುಡುಕಿ

ಓದುಗರ ಪ್ರಶ್ನೆ: "ಸಕಲೇಶಪುರ ತಾಲ್ಲೂಕಿನಲ್ಲಿ ನಮಗೆ ಹನ್ನೆರಡು ಎಕರೆ ಕಾಫಿ ತೋಟವಿದೆ. ಮೇಲ್ಭಾಗ ಅರೇಬಿಕಾ, ಹಳ್ಳದ ಕಡೆ ರೋಬಸ್ಟಾ. ಹಳ್ಳದ ಆಚೆ ಎರಡು ಎಕರೆ ಗದ್ದೆ. ಆಳು ಸಿಗದೆ ಎಂಟು ವರ್ಷದಿಂದ ನಾಟಿ ನಿಲ್ಲಿಸಿದ್ದೇವೆ. ನಾನು ಮದುವೆಯಾಗಿ ಈ ಮನೆಗೆ ಬಂದದ್ದು 1998ರಲ್ಲಿ. ಆ ಮೇ ತಿಂಗಳು ಕರೆಂಟು ಹೋದ ಒಂದು ರಾತ್ರಿ ಜಗಲಿಯಲ್ಲಿ ನಿಂತು ನೋಡಿದರೆ ಗದ್ದೆಯಂಚಿನ ಬೇಲಿಯ ಉದ್ದಕ್ಕೂ ಮಿಂಚುಹುಳುಗಳು ಮುತ್ತಿಕೊಂಡಿದ್ದವು. ಈ ವರ್ಷ ಅದೇ ಜಾಗದಲ್ಲಿ ನಿಂತು ಎಣಿಸಿದೆ: ಹನ್ನೊಂದು. ಗುಡ್ಡದ ಮೇಲೆ ಮೊಬೈಲ್ ಟವರ್ ಬಂದದ್ದೇ ಕಾರಣ ಎಂದು ಅತ್ತೆಯವರು ಹೇಳುತ್ತಾರೆ. ಆನೆ ಕಾಟಕ್ಕೆಂದು ಐದು ವರ್ಷದ ಹಿಂದೆ ಅಂಗಳದ ಮೂಲೆಗೆ ಎರಡು ಎಲ್‌ಇಡಿ ಫೋಕಸ್ ಲೈಟ್ ಹಾಕಿಸಿದ್ದೇವೆ, ರಾತ್ರಿಯಿಡೀ ಉರಿಯುತ್ತವೆ. ಕಳೆಗೆ ವರ್ಷಕ್ಕೆ ಎರಡು ಸಲ ಔಷಧಿ ಹೊಡೆಸುತ್ತೇವೆ. ಎರಡು ಮಳೆಗಾಲದಿಂದ ಆಫ್ರಿಕನ್ ಬಸವನಹುಳುವಿನ ಹಾವಳಿ. ಅದಕ್ಕೆ ಗುಳಿಗೆ ಹಾಕಿದ್ದೇವೆ. ಮಗ ಹೋಂಸ್ಟೇ ಶುರು ಮಾಡಿದ್ದಾನೆ. ಯಾರೋ ಮಿಂಚುಹುಳುಗಳನ್ನು ಪೆಟ್ಟಿಗೆಯಲ್ಲಿ ತಂದುಕೊಡುತ್ತಾರಂತೆ, ತರಿಸಿ ಬಿಡೋಣ ಎನ್ನುತ್ತಾನೆ. ತಂದರೆ ಉಳಿಯುತ್ತವೆಯೇ? ನಮ್ಮ ಮಿಂಚುಹುಳುಗಳು ಮತ್ತೆ ಬರುತ್ತವೆಯೇ, ಇಲ್ಲ ಮುಗಿದೇ ಹೋಯಿತೇ?"

ಉತ್ತರ: ಮೊದಲು ನಿಮ್ಮ ಮಗನ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ, ಏಕೆಂದರೆ ಅದು ತುರ್ತಿನದು. ಪೆಟ್ಟಿಗೆಯ ಹುಳುಗಳಿಗೆ ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡಿ. ಕೊಟ್ಟಾಗಿದ್ದರೆ ಆ ಹಣ ಹೋಯಿತು ಎಂದುಕೊಳ್ಳಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ನಿಮ್ಮ ಚಿಂತೆ. ಬೇಲಿಯ ಮೇಲೆ ಬೆಳಕು ಕಡಿಮೆಯಾಯಿತು, ಆದ್ದರಿಂದ ಕಾರಣವೂ ಬೇಲಿಯ ಮೇಲೆಯೇ, ಅಂದರೆ ಗಾಳಿಯಲ್ಲಿ, ಟವರ್‌ನಲ್ಲಿ, ದೀಪದಲ್ಲಿ ಇರಬೇಕು ಎಂದು ನೀವೆಲ್ಲ ಹುಡುಕುತ್ತಿದ್ದೀರಿ. ದೀಪದ ಪಾಲು ಖಂಡಿತ ಇದೆ. ಆದರೆ ನೀವು ಮೇ ತಿಂಗಳಲ್ಲಿ ನೋಡುವ ಹುಳು ತನ್ನ ಆಯುಸ್ಸಿನ ಕೊನೆಯ ಎರಡು ವಾರದಲ್ಲಿದೆ. ಅದಕ್ಕೆ ಮುಂಚಿನ ತಿಂಗಳುಗಳನ್ನೆಲ್ಲ ಅದು ಕಳೆದದ್ದು ನಿಮ್ಮ ಹಳ್ಳದ ಬದಿಯ ಮಣ್ಣಿನಲ್ಲಿ, ತರಗೆಲೆಯ ಅಡಿಯಲ್ಲಿ. ನಿಮ್ಮ ಪತ್ರದಲ್ಲಿ ಆ ಮಣ್ಣಿನ ಸುದ್ದಿ ಮೂರು ಕಡೆ ಬಂದಿದೆ: ಪಾಳು ಬಿದ್ದ ಗದ್ದೆ, ಕಳೆಯ ಔಷಧಿ, ಬಸವನಹುಳುವಿನ ಗುಳಿಗೆ. ನನಗೆ ಅನುಮಾನ ಹುಟ್ಟಿದ್ದು ಅಲ್ಲಿಯೇ.

ಅದಕ್ಕೆ ಹೋಗುವ ಮುನ್ನ ಆ ಹನ್ನೊಂದರ ಬಗ್ಗೆ ಒಂದು ತಕರಾರು. ಅದು ಹನ್ನೊಂದು ಹುಳುವೋ, ಹನ್ನೊಂದು ಮಿಣುಕೋ? ಒಂದೇ ಹುಳು ಹಾರುತ್ತಾ ನಿಮಿಷದಲ್ಲಿ ಹಲವು ಸಲ ಮಿನುಗುತ್ತದೆ. ಆ ರಾತ್ರಿ ಚಂದ್ರನಿದ್ದನೇ? ಬೆಳದಿಂಗಳಿನಲ್ಲಿ ಮಿಂಚುಹುಳುಗಳ ಆಟ ಮಂಕಾಗುತ್ತದೆ. ಜೋರು ಮಳೆಯಲ್ಲಿ, ಚಳಿಗಾಳಿಯಲ್ಲಿ ಅವು ಎಲೆಯಡಿ ಕೂತುಬಿಡುತ್ತವೆ. ಇನ್ನೂ ದೊಡ್ಡ ಸಂಗತಿ ಮುಂಗಾರುಪೂರ್ವ ಮಳೆಯದು. ಏಪ್ರಿಲ್ ಕೊನೆಗೆ ನೆಲ ನೆನೆದರೆ ಮೇ ಮೊದಲ ಭಾಗದಲ್ಲೇ ಹುಳು ಹೊರಬರುತ್ತವೆ. ಮಳೆ ಹಿಂದಾದರೆ ಅವೂ ಹಿಂದಾಗುತ್ತವೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದ ನಂತರ ಬರುವ ಮೇ ತಿಂಗಳನ್ನು ಒಳ್ಳೆಯ ಮಳೆ ಬಿದ್ದ ವರ್ಷದ ಮೇ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹಾಗೆಂದು ನಿಮ್ಮ ನೆನಪನ್ನು ನಾನು ಅಲ್ಲಗಳೆಯುತ್ತಿಲ್ಲ. ಕಾಫಿ ಸೀಮೆಯಲ್ಲಿ ಮೂವತ್ತು ವರ್ಷ ಕೀಟಗಳ ಬೆನ್ನು ಹತ್ತಿ ಓಡಾಡಿದವನು ನಾನು. ಮೂಡಿಗೆರೆ, ಆಲ್ದೂರು, ಹಾನುಬಾಳು ಕಡೆಯ ಹಳಬರೆಲ್ಲ ಇದೇ ಮಾತನ್ನು ಹೇಳುತ್ತಾರೆ, ನನ್ನ ಕಣ್ಣೂ ಅದನ್ನೇ ಹೇಳುತ್ತದೆ. ಹೊರದೇಶಗಳಲ್ಲಿ ಕೀಟಗಳನ್ನು ಅಳೆದು ತೂಗಿ ನೋಡಿದವರೂ ಇದ್ದಾರೆ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲೇ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಮುಕ್ಕಾಲು ಪಾಲು ಇಳಿದಿದೆ ಎಂದು 2017ರಲ್ಲಿ ಪ್ರಕಟವಾದಾಗ ನಮ್ಮಂಥವರಿಗೆ ಬೇಸರವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ.

ಈಗ ನೆಲಕ್ಕೆ ಇಳಿಯೋಣ. ಮಿಂಚುಹುಳು ಹೆಸರಿಗಷ್ಟೇ ಹುಳು. ಅದು ದುಂಬಿಗಳ ಕುಲದ್ದು. ನಿಮ್ಮ ಅರೇಬಿಕಾ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕಕ್ಕೆ ದೂರದ ದಾಯಾದಿ. ಜಗತ್ತಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಹೆಣ್ಣು ಒದ್ದೆ ಮಣ್ಣಿನಲ್ಲೋ ಪಾಚಿಯಲ್ಲೋ ಮೊಟ್ಟೆ ಇಡುತ್ತದೆ. ಒಡೆದು ಬರುವ ಮರಿ ನೋಡಲು ಚೆನ್ನಾಗಿಲ್ಲ: ಕಪ್ಪು, ಚಪ್ಪಟೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬಿಲ್ಲೆ. ತೋಟದಲ್ಲಿ ಕಂಡರೆ ನಿಮ್ಮ ಆಳುಗಳು ಚಪ್ಪಲಿಯಲ್ಲಿ ಹೊಸಕಿ ಮುಂದೆ ಹೋಗುತ್ತಾರೆ. ಆದರೆ ಅದು ಪಕ್ಕಾ ಬೇಟೆಗಾರ.

ಒಂದು ಜುಲೈ ರಾತ್ರಿ ಹಳ್ಳದ ಬದಿಯಲ್ಲಿ ಛತ್ರಿ ಹಿಡಿದು ಕೂತಿದ್ದೆ. ಮೆಣಸಿನ ಬಳ್ಳಿಯ ಬುಡದ ತರಗೆಲೆಯಲ್ಲಿ ಸಾಸಿವೆ ಕಾಳಿನಷ್ಟು ಎರಡು ಹಸಿರು ಚುಕ್ಕೆ ಕಂಡವು. ಮಿನುಗುತ್ತಿರಲಿಲ್ಲ, ಸುಮ್ಮನೆ ಉರಿಯುತ್ತಿದ್ದವು. ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ ಬಗ್ಗಿ ನೋಡಿದೆ. ಒಂದು ಅಂಗುಲವೂ ಇಲ್ಲದ ಮರಿ, ತನಗಿಂತ ದಪ್ಪದ ಬಸವನಹುಳುವಿನ ಲೋಳೆಯ ಜಾಡು ಹಿಡಿದು ಹೋಗುತ್ತಿತ್ತು. ಮುಟ್ಟಿದಾಗ ಬಸವನಹುಳು ಚಿಪ್ಪಿನೊಳಗೆ ಸರಿಯಿತು. ಮರಿ ಚಿಪ್ಪಿನ ಮೇಲೆ ಹತ್ತಿ ಕೂತು ಕಾದಿತು. ಕೊಂಬು ಹೊರಗೆ ಬಂದ ತಕ್ಷಣ ಒಮ್ಮೆ ಕಚ್ಚಿ ಹಿಂದೆ ಸರಿಯಿತು, ಮತ್ತೆ ಕಚ್ಚಿತು. ಅದರ ಟೊಳ್ಳು ಕೊಂಡಿಯಿಂದ ಇಳಿಯುವ ರಸ ಮೊದಲು ಬೇಟೆಯನ್ನು ಮರಗಟ್ಟಿಸುತ್ತದೆ, ಆಮೇಲೆ ಮಾಂಸವನ್ನು ಕರಗಿಸುತ್ತದೆ. ಉಳಿದದ್ದು ಗಂಜಿ ಹೀರಿದಂತೆ. ನಾನು ಏಳುವಾಗ ಗಂಟೆ ಒಂದೂವರೆ. ಊಟ ಇನ್ನೂ ಮುಗಿದಿರಲಿಲ್ಲ. ನನ್ನ ಎರಡೂ ಕಾಲಿನಲ್ಲಿ ಜಿಗಣೆಗಳ ಊಟವೂ ನಡೆದಿತ್ತು.

ಈ ಬಸವನಹುಳು, ಚಿಪ್ಪಿಲ್ಲದ ಬಸವನಹುಳು, ಎರೆಹುಳುಗಳನ್ನು ತಿಂದು ಕೊಬ್ಬಿದ ಮರಿ ಮಣ್ಣಿನಲ್ಲಿ ಗೂಡು ಮಾಡಿಕೊಂಡು ಕೋಶವಾಗುತ್ತದೆ, ಬೇಸಿಗೆಯ ಮಳೆಗೆ ರೆಕ್ಕೆ ಹೊತ್ತು ಹೊರಡುತ್ತದೆ. ಆಮೇಲೆ ಅನೇಕ ಜಾತಿಗಳು ಊಟವನ್ನೇ ಮಾಡುವುದಿಲ್ಲ. ಮರಿಯಾಗಿದ್ದಾಗ ಕೂಡಿಟ್ಟ ಗಂಟನ್ನು ಖರ್ಚು ಮಾಡುತ್ತಾ ಜೋಡಿ ಹುಡುಕುವುದೊಂದೇ ಕೆಲಸ. ಬೇಲಿಯ ಮೇಲೆ ನೀವು ನೋಡಿದ ದೀಪಾವಳಿಗೆ ಎಣ್ಣೆ ಹಾಕಿದ್ದು ಬಸವನಹುಳು.

ಎಣ್ಣೆ ಎಂದೆನಲ್ಲ, ಆ ದೀಪದ ಬಗ್ಗೆಯೂ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಒಂದನ್ನು ಮೆಲ್ಲಗೆ ಅಂಗೈಗೆ ತೆಗೆದುಕೊಂಡು ಮಗುಚಿ ನೋಡಿ. ಹೊಟ್ಟೆಯ ತುದಿಯಲ್ಲಿ ಸುಣ್ಣ ಬಳಿದಂಥ ಪಟ್ಟಿ ಇರುತ್ತದೆ. ನಮ್ಮ ಬೇಲಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲಿ ಎರಡು ಪಟ್ಟಿ ಇದ್ದರೆ ಗಂಡು, ಒಂದಿದ್ದರೆ ಹೆಣ್ಣು. ಅದರೊಳಗೆ ಲೂಸಿಫೆರಿನ್ ಎಂಬ ವಸ್ತು, ಅದನ್ನು ಉರಿಸುವ ಲೂಸಿಫೆರೇಸ್ ಎಂಬ ಕಿಣ್ವ, ಗಾಳಿಯ ಆಮ್ಲಜನಕ, ಜೊತೆಗೆ ಎಲ್ಲ ಜೀವಕೋಶಗಳ ಇಂಧನವಾದ ಎಟಿಪಿ ಸೇರಿ ಬೆಳಕಾಗುತ್ತದೆ. ಕೈಗೆ ಬಿಸಿ ತಾಗುವುದಿಲ್ಲ. ಇದು ನೂರಕ್ಕೆ ನೂರು ದಕ್ಷತೆಯ ದೀಪ ಎಂದು ಶಾಲೆಯಲ್ಲಿ ಕಲಿಸುತ್ತಿದ್ದರು. 2008ರಲ್ಲಿ ಸರಿಯಾಗಿ ಅಳೆದಾಗ, ಹೀಗೆ ಉರಿಯುವ ನೂರು ಅಣುಗಳಲ್ಲಿ ಸುಮಾರು 41 ಮಾತ್ರ ಬೆಳಕು ಕೊಡುತ್ತವೆ ಎಂದು ತಿಳಿಯಿತು. ಎಟಿಪಿಯ ಪಾತ್ರವನ್ನು 1947ರಲ್ಲಿ ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ವಿಲಿಯಂ ಮೆಕೆಲ್‌ರಾಯ್ ಬಾಲ್ಟಿಮೋರ್‌ನ ಹುಡುಗರಿಗೆ ನೂರು ಹುಳುವಿಗೆ 25 ಸೆಂಟ್‌ನಂತೆ ಕೊಟ್ಟು ಮಿಂಚುಹುಳು ಹಿಡಿಸುತ್ತಿದ್ದರು. ಈಗ ಅದೇ ಕಿಣ್ವದಿಂದ ಆಹಾರ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ ಶುಚಿತ್ವ ಪರೀಕ್ಷಿಸುತ್ತಾರೆ. ತೊಳೆದ ಜಾಗವನ್ನು ಒರೆಸಿದ ಕಡ್ಡಿ ಈ ಕಿಣ್ವದೊಂದಿಗೆ ಬೆಳಗಿದರೆ ಅಲ್ಲಿ ಇನ್ನೂ ಕೊಳೆ ಇದೆ ಎಂದರ್ಥ.

ನಿಮ್ಮ ತೋಟಕ್ಕೆ ಬರುತ್ತೇನೆ. ಗದ್ದೆಯಲ್ಲಿ ನಾಟಿ ನಡೆಯುತ್ತಿದ್ದಾಗ ಜೂನ್‌ನಿಂದ ನವೆಂಬರ್‌ವರೆಗೆ ನೀರು ನಿಲ್ಲುತ್ತಿತ್ತು, ಬದು ಒದ್ದೆಯಾಗಿರುತ್ತಿತ್ತು, ನೀರಿನ ಬಸವನಹುಳು, ನೆಲದ ಬಸವನಹುಳು ಎರಡೂ ಇದ್ದವು. ಏಷ್ಯಾದ ಕೆಲವು ಮಿಂಚುಹುಳುಗಳ ಮರಿಗಳು ನೀರಿನೊಳಗೇ ಬೆಳೆಯುತ್ತವೆ. ನಾಟಿ ನಿಂತ ಮೇಲೆ ಬದು ಒಡೆದು ನೀರು ಹರಿದು ಹೋಗಿರಬೇಕು, ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ ಎದ್ದಿರಬೇಕು. ಹೊರಗಿನಿಂದ ನೋಡಿದರೆ ಹಸಿರು ಹೆಚ್ಚಾಗಿದೆ, ಕಾಡಿಗೆ ಬಿಟ್ಟಿದ್ದೇವೆ ಎಂಬ ಸಮಾಧಾನವೂ ಇರುತ್ತದೆ. ಆದರೆ ಮಿಂಚುಹುಳುವಿಗೆ ಬೇಕಾದದ್ದು ತೇವ. ಇನ್ನೊಂದನ್ನು ನೀವು ಬರೆದಿಲ್ಲ, ನಾನೇ ಕೇಳುತ್ತೇನೆ: ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಹಳ್ಳಕ್ಕೆ ಮೋಟಾರ್ ಇಟ್ಟು ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಯಿಸುತ್ತೀರಾ? ಹಳ್ಳದ ಗುಂಡಿಗಳು ಪೂರಾ ಬತ್ತುವವರೆಗೂ ಹಾಯಿಸುವುದು ಈಗ ಎಲ್ಲ ಕಡೆ ಇದೆ. ಮರಿಗಳು ಕೋಶಕ್ಕೆ ಸಿದ್ಧವಾಗುವುದು ಹೆಚ್ಚುಕಡಿಮೆ ಅದೇ ಸಮಯದಲ್ಲಿ, ಅದೇ ದಂಡೆಯಲ್ಲಿ.

ಕಳೆನಾಶಕದ ಬಗ್ಗೆ ನನ್ನ ಸಲಹೆ ಬೆಳೆಗಾರರಿಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು. ಆಳಿಲ್ಲ, ಯಂತ್ರದಲ್ಲಿ ಕೊಚ್ಚಿಸಿದರೆ ದುಬಾರಿ, ಔಷಧಿ ಹೊಡೆದರೆ ಎರಡು ದಿನದ ಕೆಲಸ. (ವಿಷವನ್ನು ಔಷಧಿ ಎನ್ನುವ ಅಭ್ಯಾಸ ನನಗೂ ಬಿಟ್ಟಿಲ್ಲ.) ಈ ಔಷಧಿ ಮಿಂಚುಹುಳುವಿನ ಮರಿಯನ್ನು ನೇರವಾಗಿ ಕೊಲ್ಲುತ್ತದೆ ಎಂಬುದಕ್ಕಿಂತ, ನೆಲದ ಹೊದಿಕೆಯನ್ನು ಕಿತ್ತುಹಾಕುತ್ತದೆ ಎಂಬುದು ಮುಖ್ಯ. ಹುಲ್ಲು ಸುಟ್ಟ ನೆಲ ಎರಡು ಬಿಸಿಲಿಗೆ ಕಾದು ಒಣಗುತ್ತದೆ, ಬಸವನಹುಳುಗಳು ಬೇರೆ ಕಡೆ ಸರಿಯುತ್ತವೆ, ಹಗಲು ಅಡಗಲು ಮರಿಗೆ ಜಾಗವಿರುವುದಿಲ್ಲ. ಇಡೀ ತೋಟದಲ್ಲಿ ನಿಲ್ಲಿಸಿ ಎಂದು ಹೇಳುತ್ತಿಲ್ಲ. ಹಳ್ಳದ ಎರಡೂ ದಂಡೆಯಿಂದ ಹತ್ತು ಹೆಜ್ಜೆಯ ಪಟ್ಟಿಯನ್ನು ಬಿಡಿ. ಅಲ್ಲಿ ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಮೇಲೆ, ನೆಲಕ್ಕಿಂತ ಅರ್ಧ ಅಡಿ ಮೇಲೆ ಕತ್ತಿಯಲ್ಲಿ ಕೊಚ್ಚಿಸಿ ಸಾಕು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗಲೂ ಆ ಪಟ್ಟಿಯ ಹಾಲವಾಣ, ಅತ್ತಿ, ಬಸರಿಯ ನೆರಳನ್ನು ಪೂರ್ತಿ ತೆಗೆಯಬೇಡಿ. ಇದರಲ್ಲಿ ನಷ್ಟವೂ ಇದೆ, ಮುಚ್ಚಿಡುವುದಿಲ್ಲ: ಆ ಪಟ್ಟಿಯ ಗಿಡಗಳಲ್ಲಿ ಇಳುವರಿ ಸ್ವಲ್ಪ ಇಳಿಯಬಹುದು, ಹಾವಿನ ಭಯ ಹೆಚ್ಚುತ್ತದೆ. ಕೊಯ್ಲಿಗೆ ಹೋಗುವವರಿಗೆ ಗಂಬೂಟು ಕೊಡಿಸಿ.

ಕೀಟನಾಶಕದ ವಿಷಯವನ್ನು ನೀವು ಬರೆದಿಲ್ಲ. ಆದರೆ ಮೇಲೆ ಅರೇಬಿಕಾ ಇದೆ ಎಂದಮೇಲೆ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಬಳಸಿರಬಹುದು. ಕಾಂಡಕೊರಕದ ದುಂಬಿ ಹಾರಾಡುವ ಎರಡು ಕಾಲಗಳಲ್ಲಿ ಒಂದು ಏಪ್ರಿಲ್-ಮೇ. ಮಿಂಚುಹುಳುವಿನದೂ ಅದೇ. ದುಂಬಿಯನ್ನು ಕೊಲ್ಲುವ ವಿಷಕ್ಕೆ ಯಾವ ದುಂಬಿ ಎಂಬ ಭೇದವಿಲ್ಲ. ಸಮಾಧಾನದ ಸಂಗತಿಯೆಂದರೆ ಹಳ್ಳದ ಕಡೆ ನಿಮ್ಮದು ರೋಬಸ್ಟಾ. ಕಾಂಡಕೊರಕ ಅರೇಬಿಕಾದ ಶತ್ರು, ರೋಬಸ್ಟಾದ ತಂಟೆಗೆ ಹೋಗುವುದು ತೀರ ಕಡಿಮೆ. ಆದ್ದರಿಂದ ಕೆಳಗಿನ ಭಾಗದಲ್ಲಿ ಅದಕ್ಕಾಗಿ ಹೊಡೆಯುವ ಅಗತ್ಯವೇ ಬೀಳುವುದಿಲ್ಲ. ಮೇಲೆಯೂ ಮೊದಲು ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಸುಣ್ಣದ ನೀರು ಹೊಡೆಯುವುದು, ಕೊರಕ ಹೊಕ್ಕ ಗಿಡವನ್ನು ಹುಡುಕಿ ಕಿತ್ತು ಸುಡುವುದು ನಡೆಯಲಿ. ಇವು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಲಾಗಾಯ್ತಿನಿಂದ ಹೇಳುತ್ತಾ ಬಂದ ಮಾತುಗಳೇ.

ಈಗ ಗುಳಿಗೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಇದು. ಆಫ್ರಿಕನ್ ದೈತ್ಯ ಬಸವನಹುಳು ನಮ್ಮದಲ್ಲ. 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಜೀವಿಗಳ ಹವ್ಯಾಸಿ ಮಾರಿಷಸ್‌ನಿಂದ ಕಲ್ಕತ್ತೆಯ ತೋಟವೊಂದಕ್ಕೆ ತಂದುಬಿಟ್ಟದ್ದು, ಅಲ್ಲಿಂದ ದೇಶವೆಲ್ಲ ಹಬ್ಬಿತು. ಅದು ಕಾಫಿ ಗಿಡದ ತೊಗಟೆ ಕೆರೆದು, ಎಳೆ ಕಾಯಿ ತಿಂದು, ಮೆಣಸಿನ ಬಳ್ಳಿಯನ್ನು ಬೋಳಿಸುವುದನ್ನು ನೋಡಿದವರಿಗೆ ಗುಳಿಗೆ ಹಾಕಬೇಡಿ ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಮೆಟಾಲ್ಡಿಹೈಡ್ ಗುಳಿಗೆ ಊರ ಬಸವನಹುಳು, ಪರದೇಶದ ಬಸವನಹುಳು ಎಂದು ನೋಡುವುದಿಲ್ಲ. ತೋಟವಿಡೀ ಎರಚಿದರೆ ನಿಮ್ಮ ಮಿಂಚುಹುಳುವಿನ ಮರಿಗಳ ಅಡುಗೆಮನೆಯೇ ಖಾಲಿ. ಎರಡು ಮಳೆಗಾಲ ಎಂದರೆ ಎರಡು ತಲೆಮಾರಿನ ಮರಿಗಳು ಹಸಿದಿವೆ. ಅಂದಹಾಗೆ ಆ ಗುಳಿಗೆ ನಾಯಿಗೂ ಪ್ರಾಣಾಂತಿಕ, ರುಚಿಗೆ ನೆಕ್ಕುತ್ತವೆ. ಮನೆಯ ನಾಯಿಯನ್ನು ಆ ದಿನಗಳಲ್ಲಿ ಕಟ್ಟಿಹಾಕಿ.

ನನ್ನ ಮಾತು ಕೇಳುವುದಾದರೆ ಗುಳಿಗೆಯನ್ನು ಹಾವಳಿ ಜೋರಿರುವ ಜಾಗಕ್ಕೆ ಮಾತ್ರ, ತೆಂಗಿನ ಚಿಪ್ಪಿನಡಿ ಇಟ್ಟು ಬಳಸಿ. ಹಳ್ಳದ ಪಟ್ಟಿಗೆ ಬೇಡ. ಉಳಿದ ಕಡೆ ಕೈಯಿಂದ ಆರಿಸುವುದೇ ದಾರಿ. ಸಂಜೆ ಒದ್ದೆ ಗೋಣಿಚೀಲಗಳನ್ನು ಹಾಸಿ ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಎಲೆಕೋಸಿನ ಸಿಪ್ಪೆಯನ್ನೋ ಇಟ್ಟರೆ ಬೆಳಗಾಗುವಷ್ಟರಲ್ಲಿ ಗುಂಪಾಗಿ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ, ಉಪ್ಪುನೀರಿನ ಡ್ರಮ್ಮಿಗೆ ಹಾಕಿ, ಆಮೇಲೆ ಹೂಳಬೇಕು. ಅವು ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳುವನ್ನು ಹೊರುವುದರಿಂದ ಬರಿಗೈ ಬೇಡವೇ ಬೇಡ. ಆರಿಸುವವರಿಗೆ ಒಂದು ಗುರುತು ಹೇಳಿಕೊಡಿ: ಚಿಪ್ಪು ಹೆಬ್ಬೆರಳಿಗಿಂತ ಚಿಕ್ಕದಿದ್ದು ದುಂಡಗೆ, ಚಪ್ಪಟೆಗೆ ಇದ್ದರೆ ಬಿಟ್ಟುಬಿಡಿ, ಉದ್ದಕ್ಕೆ ಶಂಕುವಿನಂತೆ ಚೂಪಾಗಿ ಕಂದು ಗೆರೆಗಳಿದ್ದರೆ ಡ್ರಮ್ಮಿಗೆ. ಇದರಲ್ಲಿ ಅಪಾಯವಿಲ್ಲ, ಬೇಸರವಿದೆ. ಮೊದಲ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಬಿಡದೆ ಮಾಡಿಸಿದವರಿಗೆ ಎರಡನೆಯ ವರ್ಷ ಕೆಲಸ ಹಗುರಾದುದನ್ನು ನೋಡಿದ್ದೇನೆ. ನಡುವೆ ಬಿಟ್ಟವರು ಮತ್ತೆ ಗುಳಿಗೆಗೇ ಬಂದರು.

ಫೋಕಸ್ ಲೈಟಿನ ಪ್ರಶ್ನೆ ನಿಜಕ್ಕೂ ಬಿಕ್ಕಟ್ಟಿನದು. ಬೆಂಗಳೂರಿನಲ್ಲಿ ಕೂತವರು ದೀಪ ಆರಿಸಿ ಎಂದು ಸುಲಭವಾಗಿ ಹೇಳುತ್ತಾರೆ. ಸಕಲೇಶಪುರ, ಆಲೂರು ಕಡೆ ಬೆಳಿಗ್ಗೆ ತೋಟಕ್ಕೆ ಹೊರಟವರು ಆನೆ ತುಳಿದು ಸತ್ತಿದ್ದಾರೆ. ಅಲ್ಲಿ ಅಂಗಳದ ದೀಪ ಅಲಂಕಾರವಲ್ಲ. ಮನುಷ್ಯರ ಜೀವ ಮೊದಲು. ಆದರೆ ದೀಪ ಮಿಂಚುಹುಳುವಿಗೆ ಏನು ಮಾಡುತ್ತದೆ ಎಂಬುದೂ ನಿಮಗೆ ತಿಳಿದಿರಲಿ. ಗಂಡು ಹಾರುತ್ತಾ ತನ್ನ ಜಾತಿಯ ಲಯದಲ್ಲಿ ಮಿನುಗುತ್ತದೆ, ಹುಲ್ಲಿನಲ್ಲಿ ಕೂತ ಹೆಣ್ಣು ಅದಕ್ಕೆ ಉತ್ತರ ಕೊಡುತ್ತದೆ. ಅದೊಂದೇ ಅವುಗಳ ಮಾತು. ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಹುಣ್ಣಿಮೆಯ ಬೆಳಕು ಹೆಚ್ಚೆಂದರೆ ಕಾಲು ಲಕ್ಸ್‌ನ ಆಸುಪಾಸು. ಸಾಧಾರಣ ಬೀದಿದೀಪದ ಅಡಿಯಲ್ಲಿ ಹತ್ತು ಲಕ್ಸ್‌ಗೂ ಮೇಲೆ. ಸಂತೆಯಲ್ಲಿ ನಿಂತು ಪಿಸುಗುಟ್ಟಿದಂತಾಗುತ್ತದೆ ಅವುಗಳ ಸ್ಥಿತಿ. ಹುಳು ಸಾಯುವುದಿಲ್ಲ, ಜೋಡಿಯಾಗದೆ ಆಯುಸ್ಸು ಮುಗಿಸುತ್ತದೆ. ಹಾಗಾಗಿ ದೀಪದ ಪೆಟ್ಟು ಅದೇ ವರ್ಷ ಕಾಣುವುದಿಲ್ಲ, ಮುಂದಿನ ಮೇ ತಿಂಗಳಲ್ಲಿ ಕಾಣುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಎರಡರಲ್ಲಿ ಒಂದು ಲೈಟು ಹಳ್ಳದ ಕಡೆ ಮುಖ ಮಾಡಿದ್ದರೆ ಅದನ್ನು ಅಂಗಳಕ್ಕೆ ತಿರುಗಿಸಿ, ಮೇಲೆ ತಗಡಿನ ಮುಚ್ಚಳ ಹಾಕಿಸಿ. ಚಲನೆ ಕಂಡರೆ ಹತ್ತಿಕೊಳ್ಳುವ ಸೆನ್ಸರ್ ಹಾಕಿಸಿದರೆ ರಾತ್ರಿಯಿಡೀ ಉರಿಯುವುದು ತಪ್ಪುತ್ತದೆ, ಆನೆ ಬಂದಾಗ ದೀಪ ತಟ್ಟನೆ ಹತ್ತುವುದರಿಂದ ನಿಮಗೂ ಎಚ್ಚರವಾಗುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಸಂಜೆ ಏಳೂಕಾಲರಿಂದ ಒಂಬತ್ತರವರೆಗೆ, ಮನೆಮಂದಿಯೆಲ್ಲ ಒಳಗಿದ್ದು, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ನಿಮ್ಮ ಕಡೆ ಆನೆ ಸುಳಿದಾಟದ ಸುದ್ದಿ ಇಲ್ಲದ ದಿನ ಮಾತ್ರ, ಹಳ್ಳದ ಕಡೆಯ ಲೈಟನ್ನು ಆರಿಸಿ. ಸುದ್ದಿ ಇದ್ದರೆ ಆರಿಸಬೇಡಿ, ಮಿಂಚುಹುಳು ಒಂದು ದಿನ ಕಾಯುತ್ತದೆ. ಬಿಳಿ ಬಲ್ಬು ತೆಗೆದು ಹಳದಿ ಹಾಕಿದರೆ ಸಾಕೇ ಎಂದು ಹೋಂಸ್ಟೇಯವರು ಕೇಳುತ್ತಿರುತ್ತಾರೆ. ಬೇರೆ ಪತಂಗಗಳಿಗೆ ಅದು ಒಳ್ಳೆಯದೇ. ಆದರೆ ಮಿಂಚುಹುಳುವಿನ ಬೆಳಕೇ ಹಳದಿ ಹಸಿರು. ಹಳದಿ ದೀಪ ಅದರ ಜೊತೆಗೇ ಬೆರೆಯುತ್ತದೆ. ದೀಪ ಬೇಕೇ ಬೇಕೆಂದರೆ ಮಂದ ಕೆಂಪು ದೀಪದಿಂದ ತೊಂದರೆ ಕಡಿಮೆ.

ಟವರ್ ವಿಷಯದಲ್ಲಿ ನಿಮ್ಮ ಅತ್ತೆಯವರ ಗಮನ ಸರಿ, ತೀರ್ಮಾನ ಸರಿಯಲ್ಲ. ಜಗತ್ತಿನ ಮಿಂಚುಹುಳು ತಜ್ಞರನ್ನು ಕೇಳಿ 2020ರಲ್ಲಿ ಅಪಾಯಗಳ ಪಟ್ಟಿ ಮಾಡಿದಾಗ ಮೊದಲ ಮೂರು ಸ್ಥಾನದಲ್ಲಿ ನಿಂತದ್ದು ಆವಾಸದ ನಾಶ, ರಾತ್ರಿಯ ಕೃತಕ ಬೆಳಕು, ಕೀಟನಾಶಕ. ಟವರ್ ಬಂದ ಕಾಲದಲ್ಲೇ ಕಾಂಕ್ರೀಟು ರಸ್ತೆ, ಎಲ್‌ಇಡಿ ದೀಪ, ಕಳೆನಾಶಕ ಎಲ್ಲವೂ ಬಂದವು. ಎತ್ತರಕ್ಕೆ ನಿಂತು ಕಣ್ಣಿಗೆ ಬಿದ್ದದ್ದು ಟವರ್. ಗೀಜಗ ತನ್ನ ಗೂಡಿಗೆ ಮಿಂಚುಹುಳುವನ್ನು ಮಣ್ಣಿನಲ್ಲಿ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬುದೂ ಹೀಗೆಯೇ. ಗೂಡಿನೊಳಗೆ ಮಣ್ಣಿನ ಮುದ್ದೆ ಇರುವುದು ನಿಜ. ನಾನು ಎಷ್ಟೋ ಗೂಡು ಬಿಚ್ಚಿದ್ದೇನೆ, ಬರೀ ಮಣ್ಣು ಸಿಕ್ಕಿತು. ಆದರೂ ಆ ಕಥೆ ಹೇಳುವ ಅಜ್ಜಿಯರನ್ನು ನಾನು ತಿದ್ದಲು ಹೋಗುವುದಿಲ್ಲ.

ಈಗ ಪೆಟ್ಟಿಗೆ. ತರುವವರು ಹಿಡಿಯುವುದು ಹಾರುವ ಹುಳುಗಳನ್ನು. ಅವುಗಳಿಗೆ ಉಳಿದದ್ದೇ ಒಂದೆರಡು ವಾರ, ಅದರಲ್ಲಿ ಎರಡು ದಿನ ಪೆಟ್ಟಿಗೆಯಲ್ಲಿ ಹೋಯಿತು. ಅವನ್ನು ಯಾವುದೋ ಬೇರೆ ಹಳ್ಳದಿಂದ ಖಾಲಿ ಮಾಡಿ ತಂದಿರುತ್ತಾರೆ. ನಿಮ್ಮ ನೆಲದಲ್ಲಿ ತಿನ್ನಲು ಇಲ್ಲದಿದ್ದರೆ ಅವು ಮೊಟ್ಟೆಯಿಟ್ಟರೂ ಮರಿ ಬದುಕುವುದಿಲ್ಲ. ನೆಲ ಸರಿಯಿದ್ದರೆ ಉಳಿದಿರುವ ನಿಮ್ಮ ಹನ್ನೊಂದೇ ಸಾಕು. ಇನ್ನೂ ಒಂದು ತೊಡಕಿದೆ. ಜಪಾನ್‌ನಲ್ಲಿ ಗೆಂಜಿ ಎಂಬ ಮಿಂಚುಹುಳು 20ನೇ ಶತಮಾನದಲ್ಲಿ ವಿಪರೀತ ಇಳಿಯಿತು. ವ್ಯಾಪಾರಕ್ಕೆ ಹಿಡಿದದ್ದೂ ಒಂದು ಕಾರಣ, ಹೊಳೆಗಳು ಕೆಟ್ಟದ್ದು ಇನ್ನೊಂದು. ಆಮೇಲೆ ಊರೂರಿನಲ್ಲಿ ಸಾಕಿ ಬಿಡತೊಡಗಿದರು. ಆದರೆ ಪಶ್ಚಿಮ ಜಪಾನ್‌ನ ಗೆಂಜಿ ಎರಡು ಸೆಕೆಂಡಿಗೊಮ್ಮೆ ಮಿನುಗಿದರೆ ಪೂರ್ವದ್ದು ನಾಲ್ಕು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಒಂದೇ ಜಾತಿ, ಬೇರೆ ಆಡುಮಾತು. ಅತ್ತಲದನ್ನು ಇತ್ತ ತಂದುಬಿಟ್ಟಾಗ ಸ್ಥಳೀಯ ತಳಿ ಕಲಬೆರಕೆಯಾಗುತ್ತದೆ ಎಂದು ಅಲ್ಲಿನ ವಿಜ್ಞಾನಿಗಳೇ ಎಚ್ಚರಿಸಿದರು. ನಿಮ್ಮ ಹಳ್ಳದ ಹುಳುವಿಗೆ ಅದರದೇ ಲಯವಿದೆ, ಅದನ್ನು ಕೆಡಿಸಬೇಡಿ.

ಮಗನ ಹೋಂಸ್ಟೇಗೆ ನಾನು ವಿರೋಧಿಯಲ್ಲ. ಮಹಾರಾಷ್ಟ್ರದ ಪುರುಷವಾಡಿ, ಭಂಡಾರದರಾ ಕಡೆ ಮುಂಗಾರಿಗೆ ಮುನ್ನ ಮಿಂಚುಹುಳು ನೋಡಲೆಂದೇ ಜನ ಹೋಗುತ್ತಾರೆ, ಹಳ್ಳಿಗೆ ನಾಲ್ಕು ಕಾಸು ಬರುತ್ತದೆ. ಜೊತೆಗೆ ಕಾರಿನ ಹೆಡ್‌ಲೈಟು, ಮೊಬೈಲ್ ಫ್ಲಾಶು, ಹುಲ್ಲು ತುಳಿಯುವ ನೂರಾರು ಬೂಟುಗಳೂ ಬರುತ್ತವೆ. ಕೆಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ, ನೆಲದಲ್ಲೇ ಕೂತಿರುತ್ತದೆ. ತುಳಿದವರಿಗೆ ತಿಳಿಯುವುದೂ ಇಲ್ಲ. ಅತಿಥಿಗಳನ್ನು ಜಗಲಿಯಲ್ಲಿ ಕೂರಿಸಿ ತೋರಿಸಲಿ, ಇಲ್ಲವೇ ಒಂದೇ ಕಾಲುದಾರಿಯಲ್ಲಿ ಏಳೆಂಟು ಜನರನ್ನು ಮೀರದಂತೆ ಕರೆದೊಯ್ಯಲಿ. ಜಾಹೀರಾತಿನಲ್ಲಿ ಸಾವಿರ ಮಿಂಚುಹುಳುವಿನ ಚಿತ್ರ ಹಾಕದಿರಲಿ. ಹನ್ನೊಂದನ್ನು ನೋಡಿ ಬೈದು ಹೋಗುವ ಅತಿಥಿಗಿಂತ ಹನ್ನೊಂದನ್ನೇ ಎಣಿಸಿ ಖುಷಿಪಡುವ ಅತಿಥಿ ಮತ್ತೆ ಬರುತ್ತಾನೆ.

ಮತ್ತೆ ಬರುತ್ತವೆಯೇ ಎಂದು ಕೇಳಿದ್ದೀರಿ. ಗದ್ದೆಯ ಕೆಳಗಿನ ಒಂದೆರಡು ಮಡಿಯ ಬದು ಕಟ್ಟಿಸಿ ಮಳೆಗಾಲದಲ್ಲಿ ನೀರು ನಿಲ್ಲಿಸಿ. ಭತ್ತ ಬೆಳೆಯಲೇಬೇಕೆಂದಿಲ್ಲ. ಬೇಸಿಗೆಯಲ್ಲಿ ಹಳ್ಳದ ಒಂದು ಗುಂಡಿಯನ್ನಾದರೂ ಬತ್ತಿಸದೆ ಬಿಡಿ. ಪಟ್ಟಿ ಬಿಟ್ಟು, ಅಲ್ಲಿ ಗುಳಿಗೆ ನಿಲ್ಲಿಸಿ, ಲೈಟು ತಿರುಗಿಸಿದರೆ ಎರಡು ಮೂರು ಮೇ ತಿಂಗಳು ಕಳೆಯುವಷ್ಟರಲ್ಲಿ ವ್ಯತ್ಯಾಸ ಕಾಣಬೇಕು. 1998ರ ಬೇಲಿ ತಿರುಗಿ ಬರುತ್ತದೆ ಎಂದು ಮಾತು ಕೊಡಲಾರೆ. ಅಕ್ಕಪಕ್ಕದ ತೋಟದವರೂ ಹಳ್ಳದ ಪಟ್ಟಿ ಬಿಟ್ಟರೆ ಬೇಗ ಬರುತ್ತದೆ, ಬಿಡದಿದ್ದರೆ ನಿಧಾನ. ಹೆಣ್ಣುಗಳು ದೂರ ಹಾರುವುದಿಲ್ಲ.

ಲೆಕ್ಕ ಮಾತ್ರ ಇಂದಿನಿಂದಲೇ ಶುರು ಮಾಡಿ. ನಿಮ್ಮ ಮನೆಯಲ್ಲಿ ಮಳೆಯ ಡೈರಿ ಇದ್ದೇ ಇರುತ್ತದೆ, ಇಷ್ಟು ಇಂಚು ಇಷ್ಟು ಸೆಂಟ್ಸ್ ಎಂದು ಮಾವನವರ ಕಾಲದಿಂದ ಬರೆದದ್ದು. ಮೇ ತಿಂಗಳಲ್ಲಿ ಅದೇ ಪುಟದಲ್ಲಿ ಇನ್ನೊಂದು ಅಂಕಿ ಸೇರಿಸಿ: ಒಂದೇ ಜಾಗ, ಎಂಟು ಗಂಟೆ, ಒಂದು ನಿಮಿಷದಲ್ಲಿ ಕಂಡ ಮಿಣುಕುಗಳು, ಪಕ್ಕದಲ್ಲಿ ಚಂದ್ರ ಇದ್ದನೋ ಇಲ್ಲವೋ. ಒಂದು ದಿನ ಲೈಟು ಹಾಕಿ ಎಣಿಸಿ, ಮರುದಿನ ಆರಿಸಿ ಎಣಿಸಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಟವರ್ ಎರಡೂ ದಿನ ಅಲ್ಲೇ ಇರುತ್ತದೆ.

ಅದಕ್ಕೂ ಮೊದಲು, ಈ ಜುಲೈನಲ್ಲಿ, ಜಡಿಮಳೆ ಸ್ವಲ್ಪ ಬಿಡುವು ಕೊಟ್ಟ ರಾತ್ರಿ, ಆನೆಯ ಸುದ್ದಿ ಇಲ್ಲದಾಗ, ಮಗನನ್ನು ಕರೆದುಕೊಂಡು ಮನೆಗೆ ಹತ್ತಿರವಿರುವ ಹಳ್ಳದ ತುದಿಗೆ ಹೋಗಿ. ಟಾರ್ಚ್ ಆರಿಸಿ ಹತ್ತು ನಿಮಿಷ ಸುಮ್ಮನಿರಿ, ಕಣ್ಣು ಕತ್ತಲೆಗೆ ಹೊಂದಲು ಅಷ್ಟು ಬೇಕು. ನೆಲದಲ್ಲಿ, ತರಗೆಲೆಯ ನಡುವೆ, ಮಿನುಗದೆ ಉರಿಯುವ ಚುಕ್ಕೆಗಳು ಎಷ್ಟು ಕಂಡವು ಎಂದು ನನಗೆ ಬರೆಯಿರಿ. ಜಿಗಣೆ ಹತ್ತದಂತೆ ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರು ಸವರಿಕೊಂಡು ಹೋಗಿ, ನಾನು ಮರೆತಿದ್ದೆ.